ಬೂಟ್ ಫ್ಲಾಪಿ ಮಾಡಿಕೊಟ್ಟವರು

ಬೀದರಿನ ಆ ಕಂಪ್ಯೂಟರ್ ರಿಪೇರಿಯವರು ಏನು ಮಾಡಿದರೂ ಎರಡು ಮಾಡುತ್ತಿದ್ದರು. "ಇನ್ನೊಂದು ಇರಲಿ ರೀ" ಅನ್ನುತ್ತಿದ್ದರು. ಯಂತ್ರ ಮುಟ್ಟುವ ಮೊದಲು ಕಿಟಕಿಯ ಸರಳು ಹಿಡಿದು ಮೈಯೊಳಗಿನ ಕರೆಂಟು ಇಳಿಸಿಕೊಳ್ಳುತ್ತಿದ್ದರು.

ಅವ್ವ ಠಾಣಾ ಕುಶನೂರಿನಲ್ಲಿ ನರ್ಸ್ ಆಗಿದ್ದಳು. ಅವಳು ಮಾಡಿಸಿದ ಹೆರಿಗೆಗಳ ಪಟ್ಟಿಯನ್ನು, ಭಾಲ್ಕಿಯಲ್ಲಿ ಮಾಸ್ತರನಾಗಿದ್ದ ಅಪ್ಪ ಸೂಟ್‌ಕೇಸಿನಂಥ ತನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದ. ಅಪ್ಪ ಈಗಿಲ್ಲ. ಹೆರಿಗೆಗಳನ್ನು ಬರೆದಿಟ್ಟಿದ್ದ ಅವ್ವನ ವಹಿಯನ್ನು ಗೆದ್ದಲು ತಿಂದಿತ್ತು. ಹುಟ್ಟಿದ ತಾರೀಖು ಕೇಳಿಕೊಂಡು ಜನ ಇನ್ನೂ ಬರುತ್ತಿದ್ದರು.

ಅದಕ್ಕೇ ನಾನು, ಅವ್ವ ಅಪ್ಪನ ಕಂಪ್ಯೂಟರನ್ನು ಬೀದರಿಗೆ ಒಯ್ದೆವು. ರಿಪೇರಿಯವರು ವಾರವಿಡೀ ಅದನ್ನು ಬಿಚ್ಚಿ ಸರಿಮಾಡಿದರು. ಅವ್ವ ದಿನಾ ಬಂದು ಕೂತಳು. ಅವರು ತರಿಸಿದ ಚಹಾ ಮಾತ್ರ ಮುಟ್ಟಲಿಲ್ಲ. "ಮೊದಲ ಅದು ಚಾಲೂ ಆಗ್ಲಿ ರೀ" ಅನ್ನುತ್ತಿದ್ದಳು.

ಚಾಲೂ ಮಾಡಲು ಬೂಟ್ ಫ್ಲಾಪಿ, ಅಂದರೆ ಯಂತ್ರವನ್ನು ಎಬ್ಬಿಸುವ ಫೈಲುಗಳಿರುವ ಫ್ಲಾಪಿ, ಬೇಕಿತ್ತು. ಸಿಕ್ಕ ಫ್ಲಾಪಿಗಳಿಗೆ ಮೂಲೆಯಲ್ಲಿ ಒಂದು ತೂತು ಹೆಚ್ಚಿತ್ತು, ಹಳೆಯ ಯಂತ್ರ ಅವನ್ನು ಓದಲೊಲ್ಲದು.

"ಈ ತೂತು ಮುಚ್ಚಬೇಕ್ರಿ" ಎಂದು ಅವರು ಟೇಪು ಹುಡುಕಿದರು. ಅವ್ವ ಪರ್ಸಿನಿಂದ ಬ್ಯಾಂಡೇಜ್ ಪಟ್ಟಿ ತೆಗೆದು, ಕೂಸಿನ ಗಾಯಕ್ಕೆ ಹಚ್ಚುವ ಹಾಗೆ ಮೆತ್ತಗೆ ಹಚ್ಚಿದಳು. ಅವರು ಅದನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, ಬೂಟ್ ಫೈಲು ತುಂಬಿ ಒಳಗೆ ತೂರಿಸಿದರು. ಯಂತ್ರ ಕರಕರ ಅಂದು ಚಾಲೂ ಆಯಿತು.

ಪಟ್ಟಿ ನೋಡಲು ನಾನು ಕೈ ಚಾಚಿದೆ. ಅವರು ತಡೆದರು. "ಇನ್ನೊಂದು ಇರಲಿ ರೀ." ಅಂಥದ್ದೇ ಎರಡನೇ ಬೂಟ್ ಫ್ಲಾಪಿ ಮಾಡಿದ ಮೇಲೆಯೇ ಪಟ್ಟಿ ತೆರೆದರು. ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ಹೆಸರು, ತಾರೀಖು ಎಲ್ಲ ಇದ್ದವು. ಅವ್ವ ಕೊನೆಯ ಹೆಸರಿನವರೆಗೆ ಓದಿದಳು.

ಆಮೇಲೆ ಆರಿದ ಚಹಾ ಒಂದೇ ಗುಟುಕಿಗೆ ಕುಡಿದು, ಖಾಲಿ ಕಪ್ಪನ್ನು ಅವರ ಮುಂದಿಟ್ಟಳು.

"ಇನ್ನೊಂದು ಇರಲಿ ರೀ" ಅಂದಳು.