ಅಳಿಸಿದ ಮೂರು ಅಂಕ

ಸ್ಟೌವಿನ ಎತ್ತರ ನೆಲದಿಂದ ಒಂಬತ್ತು ಇಂಚು. ಸುಮಿಯ ಕೈ ಎಟುಕುವ ಎತ್ತರ ಮೂರೂವರೆ ಅಡಿ. ಎರಡನ್ನೂ ನಾನೇ ಟೇಪ್ ಹಿಡಿದು ಅಳೆದಿದ್ದೆ.

ಸುಮಿ ಖಾನಾಪುರದ ನನ್ನ ಅಣ್ಣನ ಮೊಮ್ಮಗಳು. ಮೂರು ವರ್ಷ.

ಈ ಅಳೆಯುವ ಕೆಲಸ ನನಗೇಕೆ ಬಂತು? ಬೆಳಗಾವಿಯ ನೆಹರು ನಗರದಲ್ಲಿ ಪರಿಚಯದ ಮಕ್ಕಳ ಡಾಕ್ಟರೊಬ್ಬರಿದ್ದಾರೆ. ಇಪ್ಪತ್ತು ಪ್ರಶ್ನೆಗಳ ಫಾರ್ಮ್ ಮಾಡಿದ್ದಾರೆ; ಮನೆಮನೆಗೆ ಹೋಗಿ ಅದನ್ನು ತುಂಬುವ ಕೆಲಸ ನನಗೆ ಒಪ್ಪಿಸಿದ್ದರು. ಸ್ಟೌ ನೆಲದ ಮೇಲಿದೆಯೇ? ಬಿಸಿನೀರು ಮಗುವಿಗೆ ಎಟುಕುತ್ತದೆಯೇ? ಒಂದು ‘ಹೌದು’ಗೆ ಒಂದು ಅಂಕ. ಹತ್ತು ದಾಟಿದರೆ ಆ ಮನೆಯ ಮಗುವಿಗೆ ಪೆಟ್ಟಾಗುವ ಸಂಭವ ಹೆಚ್ಚು. ಅಂಥ ಮನೆಗೆ ಅವರ ಕಡೆಯವರು ಹೋಗಿ ಸ್ಟೌವಿಗೆ ಎತ್ತರದ ಕಟ್ಟೆ ಹಾಕಿಸುತ್ತಾರೆ.

ವಡಗಾವಿಯ ಮಗ್ಗದ ಮನೆಗಳಲ್ಲಿ ನಾನು ಮುಲಾಜಿಲ್ಲದೆ ಅಂಕ ಹಾಕಿದೆ. (ಪರರ ಮನೆ ನೋಡಿ!)

ಖಾನಾಪುರದಲ್ಲಿ ಹನ್ನೊಂದು ಬಂತು.

“ಎಷ್ಟ ಬಿದ್ದಾವು ಮಾರ್ಕು?” ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾ ಸೋಸುತ್ತ ಕೇಳಿದರು.

“ಹನ್ನೊಂದು. ಜಾಸ್ತಿ ಬೀಳಬಾರದ್ರಿ ವೈನಿ.”

“ಅಂದ್ರ ನಾವು ಫೇಲ್! ತವರಮನಿಗೆ ಇನ್‌ಸ್ಪೆಕ್ಟರ್ ಆಗಿ ಬಂದಿ ನೋಡು. ನಾಕ ಮಕ್ಕಳನ್ನ ಇದ ಸ್ಟೋ ಮುಂದ ಬೆಳಸೀನಿ. ಒಂದಕ್ಕರ ಚುರುಕ್ ಅಂದೈತೇನ?”

“ಬೆಳಗಾವಿ ನೀರು ಕುಡದಾಳ, ಬಿಡ,” ಅಣ್ಣ ನಕ್ಕ. ವೈನಿ ನಗಲಿಲ್ಲ.

ಮದುವೆಯಾಗಿ ಹೋದವಳು ತವರಿನ ಅಡುಗೆಮನೆಯಲ್ಲಿ ಕೊಂಕು ತೆಗೆಯಬಾರದು. ಯಾರೂ ಹೇಳಿಕೊಡುವುದಿಲ್ಲ, ನಮಗೆಲ್ಲ ಗೊತ್ತಿರುತ್ತದೆ. ಬರೆದದ್ದು ಪೆನ್ಸಿಲ್‌ನಲ್ಲಿ. ಮೂರು ‘ಹೌದು’ ಅಳಿಸಿದೆ. ಮೊದಲು ಅಳಿಸಿದ್ದೇ ಸ್ಟೌ. ಎಂಟಾಯಿತು.

“ಪಾಸ್ ಆದ್ರಿ,” ಎಂದೆ. ಬರುವಾಗ ವೈನಿ ಶೇಂಗಾ ಉಂಡಿ ಕಟ್ಟಿಕೊಟ್ಟರು.

ಮೂರು ವಾರಕ್ಕೆ ಫೋನ್ ಬಂತು. ಸ್ಟೌ ಮೇಲಿನ ಕುದಿಯುವ ಬೇಳೆ. ಸುಮಿಯ ಬಲಗೈ, ಬೆರಳಿನಿಂದ ಮೊಣಕೈವರೆಗೆ. ಬೆರಳು ಮಡಚಲು ಬರುತ್ತದೋ ಇಲ್ಲವೋ, ಈಗಲೇ ಹೇಳಲಾಗದಂತೆ.

ವಾರ್ಡಿನಲ್ಲಿ ವೈನಿ ನನ್ನ ಕೈ ಹಿಡಿದುಕೊಂಡರು. “ಹಣೇಬಾರ ನೋಡವಾ. ನಿನ್ನ ಫಾರ್ಮಿನ್ಯಾಗೂ ನಮ್ಮನಿ ಪಾಸ್ ಆಗಿತ್ತಲ್ಲ?”

ನಾನು ತಲೆಯಾಡಿಸಿದೆ. ಹೌದೆಂದು.

ಮೊನ್ನೆ ಡಾಕ್ಟರು ಫಾರ್ಮ್ ಹರವಿಕೊಂಡು ಕೂತಿದ್ದರು. “ಖಾನಾಪುರದಾಗ ನಮ್ಮ ಅಂದಾಜು ತಪ್ಪಿತ್ರಿ. ಎಂಟ ಮಾರ್ಕಿನ ಮನಿ. ಪ್ರಶ್ನೆನ ತಿದ್ದಬೇಕೋ ಏನೋ.” ಆ ಮೂರು ಚೌಕಗಳಲ್ಲಿ ರಬ್ಬರ್ ಉಜ್ಜಿದ ಗುರುತು ನನಗೆ ಕಾಣುತ್ತಿತ್ತು. ಅವರಿಗೆ ಕಾಣಲಿಲ್ಲ. ಫಾರ್ಮುಗಳನ್ನು ಜೋಡಿಸಿ ಅವರ ಕೈಗೆ ಕೊಟ್ಟು ಎದ್ದು ಬಂದೆ.

ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣವನ್ನು ಇಬ್ಬರೂ ಓದುತ್ತಾರೆ. ಡಾಕ್ಟರೇ, ಪ್ರಶ್ನೆ ತಿದ್ದಬೇಡಿ. ವೈನಿ, ನಿಮ್ಮ ಮನೆಗೆ ಬಂದದ್ದು ಹನ್ನೊಂದೇ.