ಒಂದು ಹರಳು ಉಪ್ಪು

ಚಹಾ ಕಂಪನಿಯ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಉದ್ದನೆಯ ಕೋಣೆಯೊಂದಿದೆ. ಗೋಡೆಗಂಟಿದ ಕರಿ ಮೇಜು, ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲು, ಬಟ್ಟಲಿಗೊಂದು ಬಗೆಯ ಚಹಾ. ಆ ಸಾಲಿನ ಮುಂದೆ ಇಪ್ಪತ್ತೇಳು ವರ್ಷ ಅಡ್ಡಾಡಿದ ಮನುಷ್ಯನನ್ನು ಕಂಪನಿಯವರೂ ಬೀದಿಯವರೂ ನಾಲಿಗೆದೊರೆ ಎನ್ನುತ್ತಿದ್ದರು. ರುಚಿ ನೋಡುವುದೇ ಅವನ ಉದ್ಯೋಗ. ಒಂದು ಚಮಚ ಎತ್ತಿ, ಸೊರ್ರೆಂದು ಎಳೆದು, ಬಾಯೊಳಗೆ ಎರಡು ಸುತ್ತು ತಿರುಗಿಸಿ, ಪಕ್ಕದ ಹಿತ್ತಾಳೆ ಪೀಕದಾನಿಗೆ ಉಗಿದು, ಬಟ್ಟಲಿನ ಮುಂದೆ ಮೇಜಿನ ಮೇಲೆಯೇ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಗೆರೆ ಎಳೆದರೆ ಒಳ್ಳೆಯ ಎಲೆ, ಸೊನ್ನೆ ಸುತ್ತಿದರೆ ಸುಮಾರು, ಕತ್ತರಿ ಹಾಕಿದರೆ ಬಂದ ದಾರಿಗೆ ಸುಂಕವಿಲ್ಲ. ದೊರೆ ಎಡಚ, ಅವನ ಗೆರೆಗಳೆಲ್ಲ ಎಡಕ್ಕೆ ವಾಲಿ, ಗಾಳಿಗೆ ಬಾಗಿದ ಹುಲ್ಲಿನಂತಿರುತ್ತಿದ್ದವು.

ಅವನು ಚಹಾ ಎಳೆಯುವ ಸದ್ದಿಗೆ ಕೆಳಗಿನ ಬೀದಿಯಲ್ಲಿ ಸೈಕಲ್ಲಿನವರು ಟಯರಿನ ಗಾಳಿ ಹೋಯಿತೆಂದು ಇಳಿದು ನೋಡುತ್ತಿದ್ದರಂತೆ. ಎಲೆ ಕಿತ್ತವಳಿಗೆ ಅವತ್ತು ಗಂಡನ ಜೊತೆ ಜಗಳವಾಗಿತ್ತೇ ಇಲ್ಲವೇ ಎಂಬುದನ್ನು ಒಂದೇ ಗುಟುಕಿನಲ್ಲಿ ಹೇಳುತ್ತಿದ್ದನಂತೆ. ಇದರಲ್ಲಿ ಮುಕ್ಕಾಲು ಪಾಲು ಗಾಳಿಗೆ ತೂರಿದರೂ ಉಳಿದ ಕಾಲು ಪಾಲು ನಿಜ: ಅಂಥ ನಾಲಿಗೆ ಆ ಊರಿನಲ್ಲಿ ಇನ್ನೊಂದಿರಲಿಲ್ಲ.

ಅದನ್ನು ಅವನು ಒಬ್ಬನೇ ಮಗನಂತೆ ಸಾಕಿದ್ದ. ಬಿಸಿ ತಾಗಿಸುತ್ತಿರಲಿಲ್ಲ, ತಂಪು ಮುಟ್ಟಿಸುತ್ತಿರಲಿಲ್ಲ. ಮೆಣಸು ಬಿಟ್ಟ, ಬೆಳ್ಳುಳ್ಳಿ ಬಿಟ್ಟ, ಬೀಡಿ ಬಿಟ್ಟ. ಎಲ್ಲಕ್ಕಿಂತ ಕಷ್ಟಪಟ್ಟು ಬಿಟ್ಟಿದ್ದು ಈರುಳ್ಳಿ. ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದ ಈರುಳ್ಳಿಗಾಗಿ ಚಿಕ್ಕಂದಿನಲ್ಲಿ ಅವನು ಅಜ್ಜಿಯ ಬಾಣಲೆಗೆ ಕೈಹಾಕಿ ಸುಟ್ಟುಕೊಂಡವನು. ಆ ಕಲೆ ಈಗಲೂ ಎಡ ಮಣಿಕಟ್ಟಿನಲ್ಲಿದೆ. ಮದುವೆಯಾದ ಮೊದಲ ವಾರವೇ ಹೆಂಡತಿಗೆ ಹೇಳಿದ್ದ: "ನೋಡು, ಈ ಮನೇಲಿ ನಾನಿರ್ತೀನಿ ಇಲ್ಲ ಈರುಳ್ಳಿ ಇರುತ್ತೆ." ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿಯೇ ಒಪ್ಪಿದಳು. ಪಕ್ಕದ ಮನೆಯಲ್ಲಿ ಈರುಳ್ಳಿ ಹುರಿದ ದಿನ ದೊರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದ. ಮುಚ್ಚಿ, ಆ ಕಿಟಕಿಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ.

ಸಂಜೆ ಏಳಕ್ಕೆ ಮನೆಯಲ್ಲಿ ಊಟ. ಮೇಜಿಗೆ ಮೂವರು: ದೊರೆ, ಹೆಂಡತಿ, ಮತ್ತು ಮಹಡಿಯ ಮೇಲಿನ ಕೋಣೆಯಲ್ಲಿದ್ದ ಹೆಂಡತಿಯ ತಮ್ಮ. ಈ ಭಾವಮೈದುನ ಕಂಪನಿಯಲ್ಲಿಯೂ ದೊರೆಯ ಕೈಕೆಳಗಿನವನೇ. ಕೆಟಲಿನಲ್ಲಿ ನೀರು ಕಾಯಿಸಿ, ಬಟ್ಟಲುಗಳಿಗೆ ಹುಯ್ದು, ಕೊನೆಗೆ ಮೇಜಿನ ಮೇಲಿನ ಗುರುತುಗಳನ್ನು ಪುಸ್ತಕಕ್ಕೆ ಇಳಿಸುವುದು ಅವನ ಕೆಲಸ. ಬಿಸಿ ಸೂಪು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಒಮ್ಮೊಮ್ಮೆ ಮೀನು. ಏನೇ ಇರಲಿ, ಮೊದಲ ಚಮಚ ದೊರೆಯದು. ಅವನು ಎಳೆದು, ಕಣ್ಣು ಮುಚ್ಚಿ, ತೀರ್ಪು ಕೊಡುವ ತನಕ ಉಳಿದಿಬ್ಬರು ಚಮಚ ಹಿಡಿದು ಕಾಯಬೇಕು. ತೀರ್ಪು ಎರಡೇ ಬಗೆಯದು.

"ಒಂದು ಹರಳು ಉಪ್ಪು ಜಾಸ್ತಿ."

ಇಲ್ಲವೇ, "ಒಂದು ಹರಳು ಕಮ್ಮಿ."

ಜಾಸ್ತಿ ಎಂದ ದಿನ ಹೆಂಡತಿ, "ಆ ಹರಳು ಯಾವುದು ಅಂತ ತೋರಿಸ್ರೀ, ತೆಗೆದು ಡಬ್ಬಿಗೆ ಹಾಕಿಬಿಡ್ತೀನಿ" ಎನ್ನುವಳು. ಸರಿಯಾಗಿದೆ ಎಂಬ ಮಾತು ಆ ಬಾಯಿಂದ ಒಂದು ದಿನವೂ ಬಿದ್ದಿರಲಿಲ್ಲ.

ಮೂರು ವರ್ಷದ ಹಿಂದೆ ದೊರೆಗೆ ಜ್ವರ ಬಂತು. ಹದಿನೈದು ದಿನ ಮಲಗಿದ, ಎದ್ದ, ಮತ್ತೆ ಕೆಲಸಕ್ಕೆ ಹೋದ. ಎದ್ದ ಮೇಲೆ ಲೋಕವೇ ಸ್ವಲ್ಪ ಸಪ್ಪೆಯಾದಂತೆ ಅವನಿಗೆ ಕಂಡಿತು. "ಈಗಿನ ಎಲೆಗೆ ಮೊದಲಿನ ಸತ್ವ ಎಲ್ಲಿದೆ? ಹಣ್ಣಿಗೆ ರುಚಿ ಇಲ್ಲ, ಹಾಲಿಗೆ ರುಚಿ ಇಲ್ಲ, ನೀರೇ ಮೊದಲಿನಂತಿಲ್ಲ" ಎಂದು ಹೇಳತೊಡಗಿದ. ಐವತ್ತೆಂಟು ದಾಟಿದ ಗಂಡಸರೆಲ್ಲ ಇದನ್ನೇ ಹೇಳುವುದರಿಂದ ಕೇಳಿದವರು ಹೌದು ಹೌದು ಎಂದು ತಲೆಯಾಡಿಸಿದರು.

ಗುರುವಾರ ಮಾತ್ರ ಹೊರಗಿನ ಊಟ. ಬೀದಿಯ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಆರು ಮೇಜಿನ ಹೋಟೆಲು. ಅಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಹಳೆಯ ಗೆಳೆಯ ಬೀಗದಣ್ಣ ಕಾಯುತ್ತಿರುತ್ತಿದ್ದ. ಬೀಗದಣ್ಣನದು ಬೀಗ ರಿಪೇರಿ ಅಂಗಡಿ. ಸಂಜೆಗೆ ಅವನಿಗೊಂದು ಬಿಯರ್, ದೊರೆಗೆ ಬೆಚ್ಚಗಿನ ನೀರು. "ನಿನ್ನ ನಾಲಿಗೆಗಿಂತ ನನ್ನ ಹೆಂಡತಿ ತವರಿನ ಬೆಳ್ಳಿ ಜಾಸ್ತಿ ಹೊರಗೆ ಬರುತ್ತೆ ಮಾರಾಯ, ಒಂದು ಗುಟುಕು ಹಾಕು" ಎಂದು ಅವನು ಪ್ರತಿ ವಾರ ಲೋಟ ಮುಂದೆ ಹಿಡಿಯುವುದು, ದೊರೆ ಪ್ರತಿ ವಾರ ತಲೆಯಾಡಿಸುವುದು, ಇದು ನಡೆದುಬಂದದ್ದು.

ಆ ಗುರುವಾರ ಕಾಳಿನ ಸೂಪು ಬಂತು. ದೊರೆ ಎಂದಿನಂತೆ ಸೊರ್ರೆಂದು ಎಳೆದ. ಬೀಗದಣ್ಣ ಬೀಗವೊಂದರ ಕತೆ ಹೇಳುತ್ತಿದ್ದುದರಿಂದ ಅವನ ಬಟ್ಟಲು ಹಾಗೆಯೇ ಆರುತ್ತಿತ್ತು. ಕತೆ ಮುಗಿಯುವುದರಲ್ಲಿ ದೊರೆ ತನ್ನ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ಆಗಿತ್ತು. ಹೋಟೆಲಿನ ಯಜಮಾನ ಬಂದು, "ಹೇಗಿದೆ ದೊರೆಗಳೇ?" ಎಂದು ಕೇಳಿದ.

"ಪರವಾಗಿಲ್ಲ. ಒಂದು ಹರಳು ಕಮ್ಮಿ."

ಅದೇ ಹೊತ್ತಿಗೆ ಬೀಗದಣ್ಣ ತನ್ನ ಮೊದಲ ಚಮಚ ಬಾಯಿಗಿಟ್ಟ. ಇಟ್ಟದ್ದು ಅಲ್ಲಿ ನಿಲ್ಲಲಿಲ್ಲ. ಮೇಜಿನ ಬಟ್ಟೆ, ತನ್ನ ಅಂಗಿ, ಯಜಮಾನನ ಏಪ್ರನ್ನು ಮೂರಕ್ಕೂ ಸಮನಾಗಿ ಹಂಚಿಹೋಯಿತು. "ಸಮುದ್ರ ಕಾಯಿಸಿ ತಂದಿಟ್ಟಿದ್ದೀಯೇನಯ್ಯಾ" ಎಂದು ಅರ್ಧ ಲೋಟ ಬಿಯರ್ ಸುರಿದುಕೊಂಡ. ಉಳಿದ ಮೇಜುಗಳಲ್ಲೂ ಕೆಮ್ಮು ಎದ್ದಿತು. ಒಳಗಿನಿಂದ ಯಜಮಾನನ ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ರೀ, ನೀವೂ ಉಪ್ಪು ಹಾಕಿದ್ರಾ? ನಾನು ಆಗಲೇ ಹಾಕಿದ್ದೆನಲ್ರೀ."

ಆಮೇಲೆ ಎಲ್ಲರ ಕಣ್ಣು ದೊರೆಯ ಖಾಲಿ ಬಟ್ಟಲಿನ ಮೇಲೆ ಬಿತ್ತು. ಬೀಗದಣ್ಣನೇ ಮೊದಲು ನಕ್ಕವನು. ಮೇಜು ಬಡಿದು ಬಡಿದು ನಕ್ಕ. "ನೋಡ್ರಪ್ಪಾ ಇವನನ್ನ. ಬಟ್ಟಲು ಪೂರ್ತಿ ಕುಡಿದು, ಮುಖ ಕೂಡ ಕಿವುಚದೆ, ಒಂದು ಹರಳು ಕಮ್ಮಿ ಅಂತಾನೆ. ಇಂಥ ಚೇಷ್ಟೆ ಮಾಡೋಕೂ ಎದೆ ಬೇಕು." ಹೋಟೆಲಿಗೆ ಹೋಟೆಲೇ ನಕ್ಕಿತು. ಯಜಮಾನನೂ ನಾಚಿಕೊಂಡು ನಕ್ಕ. ದೊರೆಯೂ ನಗಬೇಕಾಯಿತು. ಹಲ್ಲು ತೋರಿಸಿದ, ಟೋಪಿ ತೆಗೆದುಕೊಂಡ, ಹೊಟ್ಟೆ ತೊಳಸುತ್ತಿದೆ ಎಂದು ಹೇಳಿ ಬೀದಿಗಿಳಿದ.

ಬೀದಿಯಲ್ಲಿ ಮೊದಲು ಸಿಕ್ಕಿದ್ದು ಸೋಪಿನ ಅಂಗಡಿ. ಬಾಗಿಲಲ್ಲಿ ನಿಂತು ಮೂಗಿನ ತುಂಬ ಉಸಿರೆಳೆದ. ಉಸಿರು ಮಾತ್ರ ಬಂತು. ಮುಂದೆ ಚಪ್ಪಲಿ ಹೊಲಿಯುವವನ ಪಾಲಿಶ್ ಡಬ್ಬಿ, ಅದರ ಮುಂದೆ ಮೀನಿನ ಅಂಗಡಿ, ಅದರ ಮುಂದೆ ತುಂಬಿದ ಕಸದ ತೊಟ್ಟಿ. ತೊಟ್ಟಿಗೆ ಬಗ್ಗಿ ಮೂಸುತ್ತಿದ್ದ ದೊರೆಯನ್ನು ನೋಡಿ ನಾಯಿಯೊಂದು ತನ್ನ ಸರದಿಗೆ ಕಾಯುತ್ತ ಪಕ್ಕದಲ್ಲಿ ನಿಂತಿತು. ಏನೂ ಇಲ್ಲ. ಲೋಕ ಸಪ್ಪೆಯಾಗಿರಲಿಲ್ಲ. ಮೂಗು ಸತ್ತಿತ್ತು, ಅದರ ಹಿಂದೆಯೇ ನಾಲಿಗೆಯೂ ಹೋಗಿತ್ತು. ನೆನಪೊಂದೇ ಮೂರು ವರ್ಷದಿಂದ ಅವರಿಬ್ಬರ ಕೆಲಸವನ್ನು ಮಾಡಿಕೊಂಡು ಬಂದಿತ್ತು.

ಹಾಗಾದರೆ ಕಂಪನಿಯಲ್ಲಿ ಒಂದೇ ಒಂದು ತಕರಾರು ಬರಲಿಲ್ಲವೇಕೆ? ನಡೆಯುತ್ತಿದ್ದವನು ನಿಂತ. ಹೋದ ವರ್ಷ ಒಮ್ಮೆ ಮರೆತ ಕೊಡೆಗೆಂದು ಕೋಣೆಗೆ ಮರಳಿದಾಗ ಮೇಜಿನ ಮೇಲಿನ ಗೆರೆಗಳೆಲ್ಲ ಬಲಕ್ಕೆ ವಾಲಿದ್ದವು. ಸಂಜೆ ಬೆಳಕಿನ ಆಟ ಎಂದುಕೊಂಡು ಕೊಡೆ ತೆಗೆದುಕೊಂಡು ಬಂದಿದ್ದ. ಕೆಟಲಿನ ಪಕ್ಕ ಭಾವಮೈದುನ ಒದ್ದೆ ಬಟ್ಟೆ ಹಿಂಡುತ್ತಿದ್ದ.

ಮನೆಯ ಬಾಗಿಲು ತಳ್ಳಿದಾಗ ಏಳೂವರೆ ಕೂಡ ಆಗಿರಲಿಲ್ಲ. ಒಳಗೆಲ್ಲ ತೆಳುವಾದ ಹೊಗೆ, ಅಡುಗೆಮನೆಯಲ್ಲಿ ಚುರ್ರೆನ್ನುವ ಸದ್ದು. ಮೇಜಿನ ಮುಂದೆ ಅಕ್ಕ ತಮ್ಮ ಎದುರುಬದುರು ಕೂತಿದ್ದರು. ನಡುವೆ ತಟ್ಟೆಯ ತುಂಬ ಹೊಂಬಣ್ಣಕ್ಕೆ ಹುರಿದ ಈರುಳ್ಳಿ, ಒಲೆಯ ಮೇಲೆ ಇನ್ನೊಂದು ಬಾಣಲೆ. ದೊರೆಯ ಕಣ್ಣು ಉರಿಯಿತು. ಮೂಗಿಗೆ ಏನೂ ತಿಳಿಯಲಿಲ್ಲ.

ಭಾವಮೈದುನ ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಎದ್ದು ನಿಂತ. ಹೆಂಡತಿ ಮಾತ್ರ ಕೂತೇ ಇದ್ದಳು.

"ಬೇಗ ಬಂದ್ರಲ್ಲ" ಎಂದಳು.

"ಎಷ್ಟು ದಿನದಿಂದ?"

"ಈರುಳ್ಳಿನಾ?"

"ಎಲ್ಲಾನೂ."

ಹೆಂಡತಿ ಒಲೆ ಆರಿಸಿ ಬಂದಳು. "ಜ್ವರದಿಂದ ಎದ್ದಿರಲ್ಲ, ಅದರ ಮಾರನೇ ವಾರ. ಉಪ್ಪು ಹಾಕೋದೇ ಮರೆತಿದ್ದೆ. ನೀವು ಒಂದು ಹರಳು ಜಾಸ್ತಿ ಅಂದ್ರಿ."

"ನಕ್ಕಿರಾ?"

"ಅವತ್ತೊಂದಿನ ನಕ್ಕೆ. ಸುಳ್ಳು ಹೇಳಲ್ಲ. ಆಮೇಲೆ ಅಡುಗೆಮನೇಲಿ ಕೂತು ಅತ್ತುಬಿಟ್ಟೆ."

ದೊರೆ ಭಾವಮೈದುನನ ಕಡೆ ತಿರುಗಿದ. "ಮೇಜಿನ ಗೆರೆ ಅಳಿಸ್ತಿದ್ದವನು ನೀನೇ ಅಲ್ವೇನೋ?"

"ಎಲ್ಲಾ ಅಳಿಸ್ತಿರಲಿಲ್ಲ ಭಾವ. ಒಂದೊಂದು ಸರಿಯಾಗೇ ಇರ್ತಿತ್ತು."

"ಅಷ್ಟರಮಟ್ಟಿಗೆ ದೊಡ್ಡ ಉಪಕಾರ."

"ಗೊತ್ತಾದ್ರೆ ನೀವು ಬದುಕಲ್ಲ ಅಂತ ಅಕ್ಕ ಹೆದರಿದಳು. ಇಷ್ಟು ವರ್ಷ ನೀವು ಹೇಳಿದ್ದು ಕೇಳಿ ಕೇಳಿ ನನಗೂ ಒಂದಿಷ್ಟು ರುಚಿ ತಿಳೀತಿತ್ತು. ಹೇಗೋ ನಡೀತಿದೆಯಲ್ಲ ಅಂತ..."

ದೊರೆ ಕುರ್ಚಿ ಎಳೆದು ಕೂತ. ಗೆರೆ ಅಳಿಸಿದ್ದನ್ನು ಹೇಗೋ ನುಂಗಿಕೊಂಡಾನು. ಇವರಿಬ್ಬರು ಚಮಚ ಹಿಡಿದು ಅವನ ತೀರ್ಪಿಗಾಗಿ ಕಾಯುತ್ತಿದ್ದರಲ್ಲ, ಆ ಕಾಯುವಿಕೆಯನ್ನು ನುಂಗಲಾಗಲಿಲ್ಲ. ಮೂರು ವರ್ಷ, ದಿನಾ ಸಂಜೆ ಏಳಕ್ಕೆ, ಉಸಿರು ಬಿಗಿಹಿಡಿದು ಕಾದಿದ್ದರು. ಸಿನಿಮಾದವರೂ ಅಷ್ಟು ಚೆನ್ನಾಗಿ ಮಾಡಲಾರರು.

"ಒಂದು ಮಾತು ಕೇಳ್ತೀನಿ" ಎಂದ. "ನಾನು ಮಾತ್ರ ಈ ಮೂರು ವರ್ಷವೂ ಈರುಳ್ಳಿ ಮುಟ್ಟದೆ ಸನ್ಯಾಸಿ ಹಾಗೆ ಇದ್ದೆನಲ್ಲ. ಸತ್ತ ನಾಲಿಗೆಗೆ ಪಥ್ಯ ಮಾಡಿದೆನಲ್ಲ. ಆಗಲಾದ್ರೂ ಅಯ್ಯೋ ಅನ್ನಿಸಲಿಲ್ವಾ?"

ಅಕ್ಕ ತಮ್ಮನನ್ನು ನೋಡಿದಳು, ತಮ್ಮ ನೆಲ ನೋಡಿದ.

"ಅನ್ನಿಸ್ತು" ಎಂದಳು ಹೆಂಡತಿ ಮೆಲ್ಲಗೆ. "ಅದಕ್ಕೇ ಅರೆದು ಹಾಕ್ತಿದ್ದೆ."

"ಏನನ್ನ?"

"ಈರುಳ್ಳೀನ. ಸೂಪಿಗೆ. ನಿಮಗೆ ಅಷ್ಟು ಇಷ್ಟ ಅಲ್ವಾ ಅಂತ."

ದೊರೆ ತನ್ನ ಎಡ ಮಣಿಕಟ್ಟಿನ ಹಳೆಯ ಕಲೆಯನ್ನು ಬಲಗೈಯಿಂದ ಮುಚ್ಚಿಕೊಂಡ. ಮಾಡಿದ ತ್ಯಾಗವಾದರೂ ಉಳಿದಿದೆ ಎಂದುಕೊಂಡಿದ್ದ. ಅದನ್ನೂ ಇವಳು ಅರೆದು, ಕುದಿಸಿ, ಅವನಿಗೇ ಬಡಿಸಿಬಿಟ್ಟಿದ್ದಳು. ತಿಂದದ್ದರ ಸುಖವೂ ಇಲ್ಲ, ಬಿಟ್ಟದ್ದರ ಹೆಮ್ಮೆಯೂ ಇಲ್ಲ. ಅವನು ಎದ್ದು ಹೋಗಿ ಕಿಟಕಿ ತೆರೆದ. ಆ ಮನೆಯಲ್ಲಿ ಈರುಳ್ಳಿಗಾಗಿ ಕಿಟಕಿ ತೆರೆದದ್ದು ಅದೇ ಮೊದಲು.

ಮರುದಿನ ಕಂಪನಿಯಲ್ಲಿ ಬಟ್ಟಲುಗಳೆಲ್ಲ ಹಬೆಯಾಡುತ್ತಿದ್ದವು. ದೊರೆ ಚಮಚ ಎತ್ತಲಿಲ್ಲ. ಸೀಮೆಸುಣ್ಣವನ್ನು ಭಾವಮೈದುನನ ಅಂಗೈಯಲ್ಲಿಟ್ಟ.

"ಭಾವ, ಇದೇನಿದು? ಸುಮ್ಮನೆ ಒಂದು ಸಲ ಎಳೀರಿ. ಸದ್ದಾದ್ರೂ ಕೇಳಲಿ ಜನಕ್ಕೆ."

"ಸದ್ದೂ ನಿನ್ನದೇ ಇರಲಿ" ಎಂದು ಹೇಳಿ ಮೇಲಧಿಕಾರಿಯ ಕೋಣೆಗೆ ಹೋದ. ಅಲ್ಲಿ ಬಾಗಿಲು ಹಾಕಿಕೊಂಡು ಐದು ನಿಮಿಷ ಮಾತಾಡಿ, ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ಅವತ್ತು ಕೆಳಗಿನ ಬೀದಿಯಲ್ಲಿ ಯಾವ ಸೈಕಲ್ಲಿನವನೂ ಇಳಿದು ನೋಡಲಿಲ್ಲ.

ಸಂಜೆ ಏಳಕ್ಕೆ ಮತ್ತೆ ಮೂವರೂ ಕೂತರು. ಹೆಂಡತಿಯ ಕಣ್ಣು ಊದಿತ್ತು. ದಿನವಿಡೀ ಅವಳು ಏನು ಮಾಡಲು ಹೋಗಿ ಏನು ಮಾಡುತ್ತಿದ್ದಳೋ, ಚಹಾದ ಡಬ್ಬಿಯಲ್ಲಿ ಅಕ್ಕಿ ಇತ್ತು. ಸೂಪು ಬಡಿಸಿದಳು. ಅಭ್ಯಾಸಬಲದಿಂದ ಅಕ್ಕ ತಮ್ಮ ಇಬ್ಬರೂ ಚಮಚ ಎತ್ತಿ ನಿಲ್ಲಿಸಿದರು. ನಿಲ್ಲಿಸಿದ್ದು ತಿಳಿದು ಇಳಿಸಿದರು.

ದೊರೆ ಮೇಜಿನ ನಡುವೆ ಇದ್ದ ಉಪ್ಪಿನ ಡಬ್ಬಿಯನ್ನು ಎಳೆದು ತನ್ನ ಮೊಣಕೈ ಪಕ್ಕದಲ್ಲಿಟ್ಟುಕೊಂಡ. ಆಮೇಲೆ ಕೇಳಿದ: "ಉಪ್ಪು ಹೇಗಿದೆ? ಇನ್ನು ಮೇಲೆ ನೀವೇ ಹೇಳಬೇಕು. ನೀವು ಹೇಳಿದ್ದನ್ನ ನಾನು ನಂಬಬೇಕು."

ಹೆಂಡತಿ ಒಂದು ಚಮಚ ಕುಡಿದಳು. ಅವಳ ಕೈ ಒಂದಿಷ್ಟು ನಿಂತಂತಾಯಿತು. "ಸರಿಯಾಗಿದೆ ರೀ" ಎಂದಳು.

ದೊರೆ ಭಾವಮೈದುನನನ್ನು ನೋಡಿದ. ಅವನೂ ಕುಡಿದ, ಅಕ್ಕನ ಮುಖ ನೋಡಿದ. "ಸರಿಯಾಗಿದೆ ಭಾವ. ತುಂಬಾ ಚೆನ್ನಾಗಿದೆ."

ಮೂವರೂ ಊಟಕ್ಕಿಳಿದರು. ದೊರೆ ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಸೊರ್ರೆನ್ನದೆ ಕುಡಿಯುತ್ತಿದ್ದ. ಸರಿಯಾಗಿದೆ ಎಂಬ ಮಾತು ಕೇಳಲು ಹೇಗಿರುತ್ತದೆ ಎಂದು ಅವನಿಗೆ ಅವತ್ತು ತಿಳಿಯಿತು. ಹಿತವಾಗಿಯೇ ಇತ್ತು. ಇನ್ನೊಂದು ನಾಲ್ಕು ಚಮಚದ ತನಕ ಅದನ್ನು ನಂಬಿಯೇ ಕುಡಿದ.

ಬಟ್ಟಲು ಅರ್ಧವಾಗಿರಬೇಕು. ಭಾವಮೈದುನನ ಬಲಗೈ, ಯಜಮಾನನಿಗೆ ತಿಳಿಸದೆ ಹೊರಟ ಬೆಕ್ಕಿನಂತೆ, ಮೆಲ್ಲಗೆ ಮೇಜಿನ ನಡುವಿನವರೆಗೆ ಬಂತು. ಡಬ್ಬಿ ಇರುತ್ತಿದ್ದ ಜಾಗವನ್ನು ಒಮ್ಮೆ ತಡವಿತು, ಪಕ್ಕಕ್ಕೆ ತಡವಿತು, ಸಿಗದೆ ಅಲ್ಲಿಯೇ ಅಂಗಾತ ಬಿದ್ದುಕೊಂಡಿತು.

ದೊರೆ ಆ ಕೈಯನ್ನೇ ನೋಡಿದ. ಹೆಂಡತಿಯೂ ನೋಡಿದಳು. ಭಾವಮೈದುನ ಕೊನೆಗೆ ತಾನೂ ನೋಡಿದ.

"ಏನು ಬೇಕಿತ್ತಪ್ಪಾ?" ಎಂದ ದೊರೆ.

"ಏನಿಲ್ಲ ಭಾವ."

ದೊರೆ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಎಡಗೈಯಿಂದ ಒಂದು ಸುತ್ತು ಬಿಗಿ ಮಾಡಿ, ಉಳಿದ ಸೂಪು ಕುಡಿಯತೊಡಗಿದ.