ಲೆಕ್ಕ ತಪ್ಪಿ ಬಂದ ಫರಸಿ

ನಮ್ಮ ಗಣಿತ ಮಾಸ್ತರರ ಕಾಫಿ ಬಣ್ಣದ ಪ್ಯಾಂಟಿನ ಎರಡೂ ಮೊಣಕಾಲುಗಳ ಮೇಲೆ ರೊಟ್ಟಿಯಗಲದ ಬಿಳಿ ಕಲೆ ಇರುತ್ತಿತ್ತು. ಉಳಿದ ಮಾಸ್ತರರಿಗೆ ಸೀಮೆಸುಣ್ಣ ಬೆರಳಿಗೆ ಹತ್ತಿದರೆ ಇವರಿಗೆ ಮೊಣಕಾಲಿಗೆ ಹತ್ತುತ್ತಿತ್ತು. ಅವರ ಹೆಂಡತಿ ನಮ್ಮೆದುರಿಗೇ, "ಇವರು ಸಾಲ್ಯಾಗ ಪಾಠ ಹೇಳ್ತಾರೋ, ನೆಲಾ ಸಾರಸ್ತಾರೋ ತಿಳೀವಲ್ದು" ಎಂದು ಬೈಯುತ್ತಿದ್ದರು. ಮಾಸ್ತರರು ನಗುತ್ತ ಮೊಣಕಾಲು ಕೊಡವಿಕೊಳ್ಳುತ್ತಿದ್ದರು. ಕಲೆ ಮಾತ್ರ ಹೋಗುತ್ತಿರಲಿಲ್ಲ.

ಆ ಕಲೆಯ ಹಿಂದೆ ಒಂದು ಕಥೆಯಿದೆ. ಶಹಾಬಾದಿನ ಫರಸಿ ಎಂದರೆ ಊರೂರಿನ ಮನೆಗಳಿಗೆ ಹಾಸುವ ನುಣುಪಾದ ಬೂದು ಕಲ್ಲು. ಊರಿಗೆಲ್ಲ ಕಲ್ಲು ಕಳಿಸುವ ನಮ್ಮೂರಿನ ಶಾಲೆಯಲ್ಲಿ ಮಾತ್ರ ಮಣ್ಣಿನ ನೆಲವಿತ್ತು. ನಾನು ಏಳನೆಯ ತರಗತಿಯಲ್ಲಿದ್ದಾಗ ಕಲ್ಲು ತೆಗೆಯುವ ಖಣಿಯವರಿಗೆ ಯಾಕೋ ನಾಚಿಕೆಯಾಗಿ, ಒಂದು ಕೋಣೆಗೆ ಬೇಕಾದಷ್ಟು ಫರಸಿಯನ್ನು ಧರ್ಮಕ್ಕೆ ಕೊಡುತ್ತೇವೆ, ಎಷ್ಟು ಬೇಕು ಹೇಳಿ ಎಂದರು. ಲೆಕ್ಕ ಹಾಕುವ ಕೆಲಸ ಗಣಿತ ಮಾಸ್ತರರಿಗೆ ಬಂತು. ಆಗಷ್ಟೇ ಮೀಟರು ಬಂದಿತ್ತು. ಜನರ ಬಾಯಲ್ಲಿ ಅಡಿ, ಸರಕಾರದ ಕಾಗದದಲ್ಲಿ ಮೀಟರು. ಮಾಸ್ತರರು ಕೋಣೆಯನ್ನು ಅಡಿಯಲ್ಲಿ ಅಳೆದರು. ಉದ್ದವನ್ನು ಮೀಟರಿಗೆ ಇಳಿಸಿದರು, ಅಗಲವನ್ನು ಇಳಿಸಲು ಮರೆತರು. ಎರಡನ್ನೂ ಗುಣಿಸಿ, ಚದರ ಮೀಟರು ಎಂದು ಬರೆದು ಕಳಿಸಿದರು. ಕಾಗದದ ಮೇಲೆ ನಮ್ಮ ಕೋಣೆ ಇದ್ದದ್ದಕ್ಕಿಂತ ಮೂರು ಪಟ್ಟು ಅಗಲವಾಯಿತು.

ಬಂಡಿಯ ಹಿಂದೆ ಬಂಡಿ ಬಂದು ಅಂಗಳದಲ್ಲಿ ಕಲ್ಲು ಇಳಿಸತೊಡಗಿದವು. ಕೊನೆಗೆ ಬಂಡಿಯವನೊಬ್ಬ ತಡೆಯಲಾರದೆ ಕೇಳಿದ: "ಮಾಸ್ತರ್ರ, ಸಾಲ್ಯಾಗ ಹಾಸೋರೋ, ಟೇಶನ್ ತನಕಾ ಹಾಸೋರೋ?"

ಹೆಡ್‌ಮಾಸ್ತರರ ಮುಖ ಕೆಂಪಾಯಿತು. ನಮ್ಮ ಮಾಸ್ತರರು ಅಲ್ಲೇ ಒಂದು ಫರಸಿಯ ಮುಂದೆ ಮೊಣಕಾಲೂರಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಲೆಕ್ಕವನ್ನು ಮೊದಲಿನಿಂದ ಬರೆದರು. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಗಣಿತ ಕಲಿತವರು ಅವರು. ಗಾಬರಿಯಾದಾಗ ಗುಣಾಕಾರ ಹೋಗಿ ಬಾಯಲ್ಲಿ "ಜರ್ಬ್, ಜರ್ಬ್" ಎಂದು ಬರುತ್ತಿತ್ತು. ತಪ್ಪು ಸಿಕ್ಕ ಕೂಡಲೇ ಅದರ ಸುತ್ತ ಒಂದು ಗುಂಡು ಎಳೆದು, ಎಲ್ಲ ಮಕ್ಕಳನ್ನೂ ಕರೆದರು. "ಬರ್ರಿ, ಬರ್ರಿ. ಇಲ್ಲಿ ಬಿದ್ದೀನಿ ನೋಡ್ರಿ. ನಿಮ್ಮ ಮಾಸ್ತರ ಎಲ್ಲಿ ಬಿದ್ದಾನಂತ ಛಂದಾಗಿ ನೋಡ್ಕೋರಿ."

ಶಾಲೆಗೆಂದು ಕೊಟ್ಟದ್ದನ್ನು ತಿರುಗಿ ಒಯ್ಯುವುದಿಲ್ಲ ಎಂದು ಖಣಿಯವರು ಹಟ ಹಿಡಿದರು. ಹೆಚ್ಚಾದ ಕಲ್ಲನ್ನು ಅಂಗಳದ ಬೇವಿನ ಮರದ ಕೆಳಗೆ ಹಾಸಿದ್ದಾಯಿತು. ಊರವರು ಆ ಜಾಗಕ್ಕೆ 'ಮಾಸ್ತರ ತಪ್ಪು' ಎಂದೇ ಹೆಸರಿಟ್ಟರು. ಇನ್ನೊಬ್ಬರಾಗಿದ್ದರೆ ಆ ಕಡೆ ಮುಖ ಹಾಕುತ್ತಿರಲಿಲ್ಲ. ಇವರು ಮರುದಿನದಿಂದ ಗಣಿತದ ತರಗತಿಯನ್ನೇ ಅಲ್ಲಿಗೆ ಒಯ್ದರು. ನಾವೆಲ್ಲ ನೆಲದ ಮೇಲೆಯೇ ಲೆಕ್ಕ ಬಿಡಿಸುತ್ತಿದ್ದೆವು, ಅವರು ಮೊಣಕಾಲ ಮೇಲೆ ಒಬ್ಬೊಬ್ಬರ ಬಳಿಗೆ ಸರಿಯುತ್ತ ಬರುತ್ತಿದ್ದರು. ಅವರದು ಒಂದೇ ಕಾನೂನು. ತಪ್ಪನ್ನು ಅಳಿಸುವಂತಿಲ್ಲ, ಗುಂಡು ಹಾಕಿ ಪಕ್ಕದಲ್ಲಿ ಮತ್ತೆ ಬರೆಯಬೇಕು. ಸಂಜೆ ನೀರು ಹಾಕಿ ತೊಳೆಯುವ ಹೊತ್ತಿಗೆ ನನ್ನ ಫರಸಿಯ ತುಂಬ ಗುಂಡುಗಳೇ ಇರುತ್ತಿದ್ದವು.

ಹೌದು, ನನಗೆ ಗಣಿತ ಬರುತ್ತಿರಲಿಲ್ಲ. ಆದರೆ ಬೇಕಾಗಿತ್ತು. ಇಡೀ ಮಧ್ಯಾಹ್ನ ಕಾಡಿದ ಲೆಕ್ಕ ಕಡೆಗೊಮ್ಮೆ ಕೂಡಿ ಬಂದಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಸಂತೋಷ, ನೋಡಿದ ಕೂಡಲೇ ಉತ್ತರ ಹೇಳುವ ಜಾಣರಿಗೆ ಆಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಸಂಶಯ.

ಎಂಟನೆಯ ತರಗತಿ ಮುಗಿದ ಮೇಲೆ, ಮುಂದೆ ಗಣಿತ, ವಿಜ್ಞಾನ ಓದುವುದೋ ಬೇರೆ ವಿಷಯವೋ ಎಂದು ನಮ್ಮ ಶಾಲೆಯಲ್ಲಿ ತೀರ್ಮಾನ ಮಾಡಬೇಕಿತ್ತು. ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿದರು. ಅಪ್ಪ ಖಣಿಯಲ್ಲಿ ಕಲ್ಲು ಸೀಳುವ ಕೆಲಸದವನು. "ನಿಮ್ಮ ಮಗಳಿಗಿ ಗಣಿತದ ತಲಿ ಇಲ್ರಿ. ಅದು ಹುಟ್ಟಾ ಬರಬೇಕು. ಬ್ಯಾರೆ ವಿಷಯ ಕೊಡಸ್ರಿ, ಆರಾಮ ಪಾಸಾಗ್ತಾಳ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನ ಅಂಕಗಳೂ ಅದನ್ನೇ ಹೇಳುತ್ತಿದ್ದವು. ಅಪ್ಪ ಒಪ್ಪಿಬಿಟ್ಟ. ನಾನು ಅಳುತ್ತ ಬೇವಿನ ಮರದ ಕಡೆಗೆ ಓಡಿದೆ. ಅಪ್ಪ ನನ್ನ ಹಿಂದೆಯೇ ಬಂದ.

ಮಾಸ್ತರರು ಇಬ್ಬರನ್ನೂ ನೋಡಿ, "ಕುಂದ್ರಿ" ಎಂದರು. ಅಪ್ಪ ಕೂತ.

"ಮಾಸ್ತರ್ರ, ಇಕಿಗಿ ತಲೀನೇ ಇಲ್ಲಂತ. ಮತ್ತ ಸುಮ್ನ ಯಾಕ ಒದ್ದಾಡಬೇಕ್ರಿ?"

"ನನಗರ ಎಲ್ಲಿತ್ರಿ ತಲಿ? ಮ್ಯಾಟ್ರಿಕ್‌ನ್ಯಾಗ ಇದೇ ಗಣಿತಕ್ಕ ಎರಡು ಸಲ ಫೇಲಾದಾಂವ ನಾ. ಈಗ ನೀವು ಕುಂತದ್ದೂ ನನ್ನ ತಪ್ಪಿನ ಮ್ಯಾಲೇ."

"ನಿಮ್ಮ ಮಾತು ಬ್ಯಾರೆ ಬಿಡ್ರಿ."

"ಆಯ್ತು, ನಿಮ್ಮ ಮಾತೇ ಹೇಳ್ರಿ. ಅಮಾಸಿಗೊಮ್ಮೆ ರೈಲ ಹತ್ತಿ ನಾಲವಾರ ಮಠಕ್ಕ ಹೋಗಿ ಭಜನಿ ಮಾಡ್ತೀರಿ, ಹೌದಿಲ್ಲೋ? ನಿಮ್ಮ ದನಿ ಹ್ಯಾಂಗದ?"

ಕಲ್ಲಿನ ಧೂಳು ಕುಡಿದ ಅಪ್ಪನ ದನಿ ನಮ್ಮ ಓಣಿಗೆಲ್ಲ ಗೊತ್ತಿತ್ತು. ಅವನು ಹಾಡಿದರೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ತಲೆ ತಗ್ಗಿಸಿ, "ಒಡಕ ದನಿ ರೀ" ಎಂದ.

"ದನಿ ಛಲೋ ಇಲ್ಲ, ಎದ್ದು ಹೋಗು ಅಂತ ಯಾರರ ಅಂದಾರೇನು?"

"ಛೇ, ಯಾಕ ಅಂತಾರ್ರಿ? ಭಜನಿ ಎಲ್ಲಾರದು."

"ಗಣಿತಾನೂ ಎಲ್ಲಾರದು ರೀ."

ಅಪ್ಪ ಅಂಗೈಯಿಂದ ಫರಸಿಯನ್ನು ಸವರಿದ. ಆಮೇಲೆ, "ಫೇಲಾದ್ರ?" ಎಂದು ಕೇಳಿದ.

"ಎಲ್ಲಿ ಬಿದ್ಳು ನೋಡಿ ಮತ್ತ ಎಬ್ಬಸೋಣು."

ಅಪ್ಪ ಎದ್ದು ಮತ್ತೆ ಹೆಡ್‌ಮಾಸ್ತರರ ಕೋಣೆಗೆ ಹೋದ. ಹೋಗುವಾಗ ಅವನು ಎದೆ ಸೆಟೆಸಿ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೆ ನಾನು ರ್‍ಯಾಂಕು ಬಂದೆ ಎಂದು ಯಾರೂ ತಿಳಿಯಬಾರದು. ಶಾಲೆಯ ಪರೀಕ್ಷೆ ಹೇಗೋ ದಾಟಿದೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಗಣಿತದಲ್ಲೇ ಒಮ್ಮೆ ಮಕಾಡೆ ಬಿದ್ದು ಊರಿಗೆ ಬಂದೆ. ಸುದ್ದಿ ಕೇಳಿ ಮಾಸ್ತರರು ಪಕ್ಕದ ಭಂಕೂರದ ತಮ್ಮ ಮನೆಯಿಂದ ನಮ್ಮ ಮನೆಗೆ ಸೈಕಲ್ಲು ತುಳಿಯುತ್ತ ಬಂದರು. ಸಮಾಧಾನದ ಮಾತಿಲ್ಲ, ಏನಿಲ್ಲ. "ಎಲ್ಲಿ ಬಿದ್ದಿ, ತೋರಸು" ಎಂದರು. ಪುಸ್ತಕ ಕೊಟ್ಟೆ. ಪುಟ ತಿರುವಿ ತಿರುವಿ ಕಡೆಗೆ ನಕ್ಕರು. "ಇದು ನನಗೂ ಗೊತ್ತಿಲ್ಲ ತಂಗಿ. ಇಬ್ರೂ ಕೂಡೇ ಬೀಳೋಣು ಬಾ." ನಮ್ಮ ಮನೆಯ ನೆಲವೂ ಫರಸಿಯದೇ. ಆ ಬೇಸಿಗೆಯಿಡೀ, ತಲೆ ನರೆತ ನನ್ನ ಮಾಸ್ತರರು ಮೊಣಕಾಲೂರಿ ನನ್ನ ಜೊತೆ ಹೊಸ ಗಣಿತ ಕಲಿತರು. ನನಗಿಂತ ಹೆಚ್ಚು ಗುಂಡುಗಳು ಅವರವೇ. ಮರುಪರೀಕ್ಷೆಯಲ್ಲಿ ನಾನು ಪಾಸಾದಾಗ ಅವರು ಶಹಾಬಾದಿನ ಪೇಟೆಯಲ್ಲಿ ಸಿಕ್ಕವರಿಗೆಲ್ಲ, "ನಾವು ಪಾಸಾದ್ವಿ" ಎಂದು ಹೇಳುತ್ತ ತಿರುಗಿದರಂತೆ.

ನನಗೆ ಗಣಿತದ ಪ್ರತಿಭೆ ಕೊನೆಗೂ ಬರಲಿಲ್ಲ. ಗಣಿತ ಬಂತು. ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಗಣಿತದ ಟೀಚರಾಗಿ ಸೇರಿದಾಗ, ಮಾಸ್ತರರು ಹೇಳಿ ಕಳಿಸಿದರು: "ತಪ್ಪಿದಾಗ ಹುಡುಗರ ಮುಂದ ಮುಚ್ಚಿಡಬ್ಯಾಡ." ನಾನು ಇಂಥವರ ಶಿಷ್ಯೆ ಎಂದು ಹೇಳಿಕೊಳ್ಳುವಾಗ ಈಗಲೂ ನನ್ನ ದನಿ ತಾನಾಗಿ ಏರುತ್ತದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಭಂಕೂರಕ್ಕೆ ಹೋದೆ. ಹಣೆಗೆ ವಿಭೂತಿ ಬಳಿದು, ಹೊಸ ಬಿಳಿ ಧೋತರ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಮೊಣಕಾಲಿಗೆ. ಅವರ ಹೆಂಡತಿ ನನ್ನ ಕೈ ಹಿಡಿದು, "ಪ್ಯಾಂಟ ಒಂದೂ ಒಗೀಲಿಲ್ಲವ್ವಾ. ಹಂಗೇ ಇಟ್ಟೀನಿ" ಎಂದು ಅತ್ತರು. ನಾನೂ ಅತ್ತೆ.

ತಿರುಗಿ ಶಾಲೆಗೆ ಹೋದ ದಿನ ಪಾಠ ಮಾಡುವ ಮನಸ್ಸಾಗಲಿಲ್ಲ. ಹುಡುಗರಿಗೆ ಮೀಟರಿನ ಕಥೆ, ಬಂಡಿಗಳ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಬೋರ್ಡಿನ ಹತ್ತಿರ ಕರೆದರೆ ಎಂದೂ ಏಳದ ಹುಡುಗಿಯೊಬ್ಬಳು ಹಿಂದಿನ ಸಾಲಿನಲ್ಲಿದ್ದಳು. ಆಕೆ ಮಾತ್ರ ನಗಲಿಲ್ಲ.

"ಟೀಚರ್, ಮತ್ತ ಅವ್ರು ಹುಟ್ಟಾ ಶಾಣ್ಯಾ ಇದ್ದಿಲ್ಲೇನ್ರಿ?"

"ಇಲ್ಲವ್ವಾ," ಎಂದೆ. "ಕಲ್ತಿದ್ರು."

ಆಕೆ ಎದ್ದು ಬಂದು ಸೀಮೆಸುಣ್ಣಕ್ಕೆ ಕೈ ಚಾಚಿದಳು.